ಓದುಗರ ಪ್ರಶ್ನೆ: ಆಫ್ರಿಕಾದ ಸಫಾರಿ ಗೈಡ್‌ಗಳು ಕಾಡಲ್ಲಿ ನಡೆದು ದುಡ್ಡು ಎತ್ತೋದು ಯಾರಿಗೋಸ್ಕರ?

ಹೋದ ತಿಂಗಳ ಅಂಕಣದ ಕೊನೇಲಿ ಒಂದು ಸಣ್ಣ ವಿಷಯ ಬರ್ದಿದ್ದೆ. ಆಫ್ರಿಕಾದ ಕೆಲವು ಸಫಾರಿ ಗೈಡ್‌ಗಳು ಟೂರಿಸ್ಟ್ ಗಲಾಟೆ ಇಲ್ಲದ ಹೊತ್ತಲ್ಲಿ ಜೀಪು ಬಿಟ್ಟು, ಬೆನ್ನಿಗೆ ಬ್ಯಾಗ್ ಏರಿಸ್ಕೊಂಡು, ರಸ್ತೆನೇ ಇಲ್ಲದ ಕಾಡಲ್ಲಿ ದಿನಗಟ್ಟಲೆ ನಡೆದು ಚಾರಿಟಿಗೆ ದುಡ್ಡು ಎತ್ತುತ್ತಾರೆ, ಜಾಂಬಿಯಾದ ಲುವಾಂಗ್ವಾ ಕಣಿವೆ ಇಂಥ ನಡಿಗೆಗೆ ಹೇಳಿ ಮಾಡಿಸಿದ ಜಾಗ ಅಂತ. ಅಷ್ಟಕ್ಕೇ ಎಷ್ಟು ಪತ್ರ, ಮೇಲ್, ವಾಟ್ಸಾಪ್ ಮೆಸೇಜ್ ಬಂದಿದೆ ಅಂದ್ರೆ ಈ ಸಲದ ಪುಟ ಪೂರ್ತಿ ಅದಕ್ಕೇ ಮೀಸಲಿಟ್ಟಿದ್ದೀನಿ. ಒಂದೇ ಥರದ ಪ್ರಶ್ನೆಗಳನ್ನ ಒಟ್ಟಿಗೆ ಸೇರಿಸಿದ್ದೀನಿ, ಉದ್ದ ಪತ್ರಗಳನ್ನ ಸ್ವಲ್ಪ ಕತ್ತರಿಸಿದ್ದೀನಿ, ಬೇಜಾರ್ ಮಾಡ್ಕೋಬೇಡಿ.

ಪ್ರಶ್ನೆ: ನಡೆಯೋದೇ ಗೈಡ್‌ಗಳ ಕೆಲಸ ಅಲ್ವಾ ಸರ್? ಅದನ್ನೇ ಇನ್ನೊಂದಷ್ಟು ದೂರ ಮಾಡಿದ್ರೆ ಜನ ಯಾಕೆ ದುಡ್ಡು ಕೊಡ್ತಾರೆ? ಯಾವಾಗಿಂದ ಶುರುವಾಯ್ತು ಇದು?
— ಚಿಕ್ಕಮಗಳೂರಿನಿಂದ ಒಬ್ಬ ಓದುಗರು

ಉತ್ತರ: ಗೆಸ್ಟ್‌ಗಳನ್ನ ಕರ್ಕೊಂಡು ಹೋಗೋ ವಾಕಿಂಗ್ ಸಫಾರಿ ಅಂದ್ರೆ ಬಿಸಿಲು ಏರೋ ಮುಂಚೆ ಮೂರ್ನಾಲ್ಕು ಗಂಟೆ ನಡೆಯೋದು, ಅದೂ ನಿಂತು ನಿಂತು, ಹೆಜ್ಜೆ ಗುರುತು ನೋಡಿ, ಲದ್ದಿ ನೋಡಿ, ಮಧ್ಯೆ ಮರದಡಿ ಟೀ ಕುಡಿದು ವಾಪಸ್ ಕ್ಯಾಂಪಿಗೆ ಬರೋದು. ಚಾರಿಟಿ ನಡಿಗೆ ಹಾಗಲ್ಲ. ಕ್ಯಾಂಪ್ ಇಲ್ಲ, ಸಾಮಾನು ಹೊತ್ತು ಹಿಂದೆ ಬರೋ ಗಾಡಿ ಎಷ್ಟೋ ಕಡೆ ಬರೋಕೇ ಆಗಲ್ಲ, ನೀರು ಎಲ್ಲಿ ಸಿಗುತ್ತೋ ಅಲ್ಲೇ ರಾತ್ರಿ ಮಲಗೋದು, ಬೆಳಿಗ್ಗೆ ಎದ್ದು ಮತ್ತೆ ನಡೆಯೋದು. ದುಡ್ಡು ಕೊಡೋರು ಯಾರು ಅಂದ್ರೆ ಹೆಚ್ಚಿನವರು ಹಳೇ ಗೆಸ್ಟ್‌ಗಳೇ. ಒಂದು ವಾರ ಒಬ್ಬ ಗೈಡ್ ಹಿಂದೆ ಜೀವ ಕೈಲಿ ಹಿಡ್ಕೊಂಡು ನಡೆದವರು ಆ ಮನುಷ್ಯನನ್ನ ಮರೆಯಲ್ಲ, ವರ್ಷಗಟ್ಟಲೆ ಪತ್ರ ಬರೀತಾ ಇರ್ತಾರೆ, ಹಬ್ಬಕ್ಕೆ ವಿಶ್ ಮಾಡ್ತಾರೆ. ಅಂಥ ಗೈಡ್ ‘ನಾನು ನಮ್ಮ ಕಾಡು ಕಾಯೋ ಸ್ಕೌಟ್‌ಗಳಿಗೋಸ್ಕರ ನಡೀತಿದ್ದೀನಿ, ಕಿಲೋಮೀಟರಿಗೆ ಇಷ್ಟು ಅಂತ ಕೊಡಿ’ ಅಂದ್ರೆ ಲಂಡನ್ನಲ್ಲಿ ಕೂತವರೂ ಕೊಡ್ತಾರೆ. ಆ ನಂಬಿಕೆ ಮೇಲೇ ಇದೆಲ್ಲ ನಿಂತಿರೋದು, ಜಾಹೀರಾತಿನ ಮೇಲಲ್ಲ.

ಯಾವಾಗಿಂದ ಅನ್ನೋದಕ್ಕೆ ಒಂದು ತಾರೀಕು ಹೇಳೋಕೆ ಬರಲ್ಲ, ಆದ್ರೆ ಬೇರು ಎಲ್ಲಿದೆ ಅಂತ ಹೇಳಬಹುದು. 1950ರಲ್ಲಿ, ಜಾಂಬಿಯಾ ಇನ್ನೂ ಬ್ರಿಟಿಷರ ಉತ್ತರ ರೊಡೇಶಿಯಾ ಆಗಿದ್ದಾಗ, ನಾರ್ಮನ್ ಕಾರ್ ಅನ್ನೋ ಗೇಮ್ ರೇಂಜರ್ (ಕಾಡುಪ್ರಾಣಿ ಕಾಯೋ ಅಧಿಕಾರಿ) ಲುವಾಂಗ್ವಾದ ಪಂಗಡವೊಂದರ ಮುಖ್ಯಸ್ಥ ಎನ್‌ಸೆಫು ಅವರ ಹತ್ರ ಹೋಗಿ, ನಿಮ್ಮ ಜಾಗದಲ್ಲಿ ಪ್ರಾಣಿಗಳನ್ನ ಕೊಲ್ಲೋದಕ್ಕೆ ಬದಲು ನೋಡೋಕೆ ಬರೋರಿಗೆ ಒಂದು ಕ್ಯಾಂಪ್ ಮಾಡೋಣ, ಬಂದ ದುಡ್ಡು ನಿಮ್ಮ ಜನಕ್ಕೆ ಸೇರಲಿ ಅಂತ ಒಪ್ಪಿಸಿದರು. ಆಗಿನ ಕಾಲಕ್ಕೆ ಇದು ಬಹಳ ದೊಡ್ಡ ಮಾತು. ಆಮೇಲೆ ಅದೇ ಕಣಿವೇಲಿ ಅವರೇ ಜೀಪ್ ಇಲ್ಲದೆ ನಡೆದು ಕಾಡು ತೋರಿಸೋ ಪದ್ಧತಿ ಶುರು ಮಾಡಿದ್ರು. ದಕ್ಷಿಣ ಆಫ್ರಿಕಾದಲ್ಲೂ ಹೆಚ್ಚುಕಮ್ಮಿ ಅದೇ ಕಾಲಕ್ಕೆ, 1959ರಲ್ಲಿ, ಇಯನ್ ಪ್ಲೇಯರ್ ಮತ್ತೆ ಅವರ ಜುಲು ಗುರು-ಗೆಳೆಯ ಮಗ್‌ಕೂಬು ಎನ್‌ಟೊಂಬೆಲಾ ಇಬ್ಬರೂ ಉಮ್‌ಫೊಲೋಜಿ ಕಾಡಲ್ಲಿ ಜನರನ್ನ ಕಾಲ್ನಡಿಗೇಲಿ ಕರ್ಕೊಂಡು ಹೋಗೋಕೆ ಶುರು ಮಾಡಿದ್ರು. ಕಾಡಲ್ಲಿ ನಡೆಯೋದು, ಅದರಿಂದ ಬಂದದ್ದು ಕಾಡಿಗೂ ಪಕ್ಕದ ಹಳ್ಳಿಗೂ ಸೇರೋದು ಅನ್ನೋ ಈ ಎರಡೂ ವಿಚಾರ ಲುವಾಂಗ್ವಾದಲ್ಲಿ ಮೊದಲಿಂದಲೇ ಜೊತೆಗಿತ್ತು. ಇವತ್ತಿನ ಗೈಡ್‌ಗಳು ಅದನ್ನೇ ಮುಂದುವರಿಸ್ತಿದ್ದಾರೆ ಅಷ್ಟೆ.

ಪ್ರಶ್ನೆ: ಸಿಂಹ, ಆನೆ ಎದುರಿಗೆ ಬಂದ್ರೆ ಏನ್ ಮಾಡ್ತಾರೆ ಅಣ್ಣಾ? ಗನ್ ಇರುತ್ತಾ? ನಂಗೆ ಪೂರ್ತಿ ಡೀಟೇಲ್ಸ್ ಬೇಕು.
— ಮೈಸೂರಿನಿಂದ ಪಿಯುಸಿ ವಿದ್ಯಾರ್ಥಿ

ಉತ್ತರ: ಪೂರ್ತಿ ಹೇಳ್ತೀನಿ ತಮ್ಮ, ಕೂತ್ಕೋ. ಗನ್ ಇರುತ್ತೆ. ಜಾಂಬಿಯಾದಲ್ಲಿ ಪಾರ್ಕ್ ಒಳಗೆ ಗೆಸ್ಟ್‌ಗಳ ಜೊತೆ ನಡೆಯುವಾಗ ಗೈಡ್ ಒಬ್ಬ, ಅವನ ಮುಂದೆ ರೈಫಲ್ ಹಿಡಿದ ಸ್ಕೌಟ್ ಒಬ್ಬ ಇರಲೇಬೇಕು. ಸ್ಕೌಟ್ ಅಂದ್ರೆ ವನ್ಯಜೀವಿ ಇಲಾಖೆಯವನು, ಗೈಡ್ ಕಂಪನಿಯವನಲ್ಲ. ಜಿಂಬಾಬ್ವೆ, ದಕ್ಷಿಣ ಆಫ್ರಿಕಾದಲ್ಲಿ ಗೈಡೇ ರೈಫಲ್ ಹಿಡೀತಾನೆ. ಆದ್ರೆ ಒಳ್ಳೆ ಗೈಡ್ ಯಾರು ಅಂತ ಅಲ್ಲಿ ಕೇಳಿದ್ರೆ ಎಲ್ಲರೂ ಹೇಳೋದು ಒಂದೇ, ಇಡೀ ಜೀವಮಾನದಲ್ಲಿ ಟ್ರಿಗರ್ ಒತ್ತೋ ಪರಿಸ್ಥಿತಿ ಬರದ ಹಾಗೆ ನೋಡ್ಕೊಂಡವನು.

ಅದಕ್ಕೆ ಅವರ ಮುಖ್ಯ ಆಯುಧ ಒಂದು ಬೂದಿ ಚೀಲ. ನಿಜವಾಗ್ಲೂ. ಸಣ್ಣ ಬಟ್ಟೆ ಚೀಲ ಅಥವಾ ಹಳೇ ಕಾಲುಚೀಲದಲ್ಲಿ ನಯವಾದ ಒಲೆ ಬೂದಿ ತುಂಬಿ, ಬಾಯಿ ಕಟ್ಟಿ, ಕೈಲಿ ಇಟ್ಕೊಂಡಿರ್ತಾರೆ. ನಾಲ್ಕು ಹೆಜ್ಜೆಗೊಮ್ಮೆ ಅನ್ನೋ ಹಾಗೆ ಅದನ್ನ ಮೆಲ್ಲಗೆ ಅಲ್ಲಾಡಿಸ್ತಾರೆ, ಬಟ್ಟೆ ಎಳೆ ಮಧ್ಯದಿಂದ ಬೂದಿ ಹೊಗೆ ಥರ ಎದ್ದು ಒಂದು ಕಡೆ ತೇಲುತ್ತೆ. ಯಾವ ಕಡೆ ತೇಲಿತೋ ಆ ಕಡೆ ನಮ್ಮ ಮೈವಾಸನೆ ಹೋಗ್ತಿದೆ ಅಂತ ಅರ್ಥ. ಆನೆ ಆ ಕಡೆ ಇದ್ರೆ ಸುತ್ತು ಹಾಕಿ ಇನ್ನೊಂದು ಮಗ್ಗುಲಿಂದ ಹೋಗ್ತಾರೆ. ನಾನು ಆ ಕಣಿವೆಯ ಸೌತ್ ಲುವಾಂಗ್ವಾ ಪಾರ್ಕಲ್ಲಿ ನಡೆದಾಗ ನೋಡಿದ್ದು, ಸ್ಕೌಟ್ ಗಾಳಿ ತಿರುಗಿದ್ದನ್ನ ನೋಡಿ ಬರೀ ಅಂಗೈ ಕೆಳಗೆ ಮಾಡಿ ತೋರಿಸಿದ, ಹಿಂದೆ ಸಾಲಾಗಿ ಬರ್ತಿದ್ದ ನಾವೆಲ್ಲ ನಿಂತ್ವಿ, ಆಗ ಮೊಪಾನೆ ಮರಗಳ ಮಧ್ಯೆ ಬೂದು ಬಣ್ಣದ್ದೇನೋ ಅಲ್ಲಾಡ್ತು, ಅದು ಆನೆಯ ಕಿವಿ. ಅಲ್ಲೀವರೆಗೂ ನಮ್ಮಲ್ಲಿ ಯಾರಿಗೂ ಅಲ್ಲಿ ಆನೆ ಇದೆ ಅಂತಾನೇ ಗೊತ್ತಿರಲಿಲ್ಲ, ಆನೆಗೂ ನಾವಿರೋದು ಗೊತ್ತಾಗಲಿಲ್ಲ, ಹಾಗೇ ಹಿಂದೆ ಸರಿದು ಬೇರೆ ದಾರಿ ಹಿಡಿದ್ವಿ.

ಸಿಂಹ ಎದುರಾದ್ರೆ ಓಡಬಾರದು, ಇದು ಮೊದಲನೇ ಪಾಠ. ಓಡಿದ್ರೆ ಬೇಟೆ ಅಂದ್ಕೊಳ್ಳುತ್ತೆ, ನಿಂತ್ರೆ ಬಹುತೇಕ ಸಲ ಅದೇ ಹಿಂದೆ ಸರಿಯುತ್ತೆ. ಆನೆ ಕಿವಿ ಅಗಲಿಸಿ ಸದ್ದು ಮಾಡ್ಕೊಂಡು ಬಂದ್ರೆ ಹೆಚ್ಚಾಗಿ ಹೆದರಿಸೋಕೆ, ಹೆದರಿಸೋಕೆ ಬಂದದ್ದು ಯಾವುದು, ನಿಜವಾದ ದಾಳಿ ಯಾವುದು ಅಂತ ಬಿಡಿಸಿ ನೋಡೋದಕ್ಕೆ ವರ್ಷಗಳ ಅನುಭವ ಬೇಕು, ನೀನು ನಾನು ಲೆಕ್ಕ ಹಾಕೋದಲ್ಲ. ಗೈಡ್‌ಗಳಿಗೆ ನಿಜವಾದ ಭಯ ಇರೋದು ಗುಂಪು ಬಿಟ್ಟ ಮುದಿ ಕಾಡೆಮ್ಮೆ ಕೋಣಗಳ ಬಗ್ಗೆ, ಪೊದೆಯೊಳಗೆ ಮೈಗೆ ಕೆಸರು ಮೆತ್ಕೊಂಡು ಸುಮ್ನೆ ಮಲಗಿರ್ತವೆ, ಎಚ್ಚರಿಕೆ ಕೊಡದೆ ನೇರ ಮೇಲೆ ಬರ್ತವೆ. ಆಮೇಲೆ ನೀರಾನೆ. ಲುವಾಂಗ್ವಾ ನದೀಲಿ ನೀರಾನೆಗಳು ತುಂಬಾ ಜಾಸ್ತಿ, ರಾತ್ರಿ ಮೇಯೋಕೆ ದಡ ಹತ್ತಿ ಬೆಳಿಗ್ಗೆ ನೀರಿಗೆ ವಾಪಸ್ ಹೋಗ್ತವೆ, ಅದರ ಮತ್ತೆ ನೀರಿನ ಮಧ್ಯೆ ಯಾವತ್ತೂ ನಿಲ್ಲಬಾರದು. ಅದು ಓಡಾಡೋ ದಾರಿ ನೋಡಿದ್ರೇ ಗೊತ್ತಾಗುತ್ತೆ, ಎಡಗಾಲು ಬಲಗಾಲು ಅಗಲವಾಗಿ ಇಡೋದ್ರಿಂದ ಎರಡು ಗಾಲಿ ಜಾಡು ಇದ್ದಂಗೆ ಎರಡು ಕಾಲುವೆ, ಮಧ್ಯೆ ಹುಲ್ಲಿನ ದಿಬ್ಬ. ಅಂಥ ದಾರಿ ಸಿಕ್ಕಿದ್ರೆ ಗೈಡ್ ಅದರಲ್ಲಿ ಗುಂಪನ್ನ ಕೂರಿಸಲ್ಲ, ಬೇಗ ದಾಟಿಸ್ತಾನೆ.

ಆದ್ರೆ ನಿಜವಾಗಿ ನಡಿಗೆಯವರನ್ನ ಸುಸ್ತು ಮಾಡೋದು ಇವ್ಯಾವೂ ಅಲ್ಲ, ನೆಲ. ಕಣಿವೆಯ ತಗ್ಗುಗಳಲ್ಲಿ ನಮ್ಮ ಬಯಲುಸೀಮೆ ಕಡೆ ಇರೋ ಥರದ್ದೇ ಎರೆಮಣ್ಣು, ಮಳೆಗಾಲದಲ್ಲಿ ಆನೆ, ನೀರಾನೆ ಅದರಲ್ಲಿ ಹೂತ್ಕೊಂಡು ನಡೆದಿರ್ತವೆ, ಬೇಸಿಗೇಲಿ ಆ ಹೆಜ್ಜೆಗಳೆಲ್ಲ ಹಾಗೇ ಗಟ್ಟಿಯಾಗಿ ಮೊಣಕಾಲುದ್ದ ಗುಂಡಿಗಳಾಗಿರ್ತವೆ, ಮೇಲೆ ಒಣಹುಲ್ಲು ಮುಚ್ಚಿರುತ್ತೆ. ಹತ್ತಾರು ಕಿಲೋಮೀಟರ್ ಅದರ ಮೇಲೆ ಭಾರ ಹೊತ್ಕೊಂಡು ನಡೆದ್ರೆ ಪಾದ ಉಳುಕದೇ ಇದ್ರೆ ಪುಣ್ಯ. ಜೊತೆಗೆ ತ್ಸೆತ್ಸೆ ನೊಣ, ಬಟ್ಟೆ ಮೇಲಿಂದಾನೇ ಚುಚ್ಚುತ್ತೆ, ನೀಲಿ ಮತ್ತೆ ಕಪ್ಪು ಬಣ್ಣ ಕಂಡ್ರೆ ಹುಡುಕ್ಕೊಂಡು ಬರುತ್ತೆ, ನಿದ್ರೆ ಕಾಯಿಲೆ ಹರಡೋದೂ ಅದೇ. ನಮ್ಮ ಕಾಡಲ್ಲಿರೋ ನಸುಗುನ್ನಿ ಕಾಯಿ ಗೊತ್ತಲ್ಲ, ಅದೇ ಬಳ್ಳಿ ಅಲ್ಲೂ ಇದೆ, ಮೈಗೆ ತಾಗಿದ್ರೆ ಅದೇ ನವೆ. ಇನ್ನು ಮೊಪಾನೆ ಜೇನು, ನಮ್ಮ ಮಲೆನಾಡಿನ ಮುಜಂಟಿ ಜಾತಿಗೆ ಸೇರಿದ್ದು, ಕಚ್ಚಲ್ಲ, ಆದ್ರೆ ಬೆವರಿಗೆ ಕಣ್ಣು ಮೂಗು ಕಿವಿ ಎಲ್ಲ ಮುತ್ಕೊಳ್ಳುತ್ತೆ.

ಪ್ರಶ್ನೆ: ಊಟಕ್ಕೆ ಏನ್ ಮಾಡ್ಕೋತಾರೆ? ಸಸ್ಯಾಹಾರಿಗಳು ಹೋಗಬಹುದಾ?
— ಹುಬ್ಬಳ್ಳಿಯಿಂದ ಗೃಹಿಣಿ

ಉತ್ತರ: ಧಾರಾಳವಾಗಿ ಹೋಗಬಹುದು ಅಮ್ಮ. ಅಲ್ಲಿನ ದಿನದ ಊಟ ಮೆಕ್ಕೆಜೋಳದ ಹಿಟ್ಟಿನ ನ್ಶಿಮಾ, ಥೇಟ್ ನಮ್ಮ ಮುದ್ದೆ ಇದ್ದಂಗೆ, ಕೈಲೇ ಮುರಿದು ಉಂಡೆ ಮಾಡಿ ಪಲ್ಯದಲ್ಲಿ ಅದ್ದಿ ತಿನ್ನೋದು. ಕೀನ್ಯಾಕ್ಕೆ ಹೋದ್ರೆ ಅದೇ ಉಗಾಲಿ, ಜಿಂಬಾಬ್ವೆಯಲ್ಲಿ ಸಾಡ್ಜಾ. ಜೊತೆಗೆ ಸೊಪ್ಪು, ಬೀನ್ಸ್, ಕಡಲೇಬೀಜದ ಪುಡಿ ಹಾಕಿ ಬೇಯಿಸಿದ ಪಲ್ಯ, ಮಾಂಸಾಹಾರಿಗಳಿಗೆ ಕಪೆಂಟಾ ಅನ್ನೋ ಸಣ್ಣ ಒಣಮೀನು. ಹಿಟ್ಟು ಹಗುರ, ಕೆಡಲ್ಲ, ಹೊಟ್ಟೆ ತುಂಬುತ್ತೆ, ಹಾಗಾಗಿ ಸ್ಕೌಟ್‌ಗಳು ಪೆಟ್ರೋಲಿಂಗ್ ಹೋಗುವಾಗಲೂ ಹೊರೋದು ಇದನ್ನೇ.

ನೀರಿನದ್ದೇ ಕಷ್ಟ. ದೊಡ್ಡ ನದೀಲಿ ಮೊಸಳೆ, ಹಾಗಾಗಿ ದಡದಲ್ಲಿ ಬಗ್ಗಿ ನೀರು ತುಂಬೋರು ಒಂದೇ ಜಾಗಕ್ಕೆ ಪದೇ ಪದೇ ಹೋಗಲ್ಲ, ಮೊಸಳೆ ಆ ಜಾಗ ಗುರುತಿಟ್ಕೊಳ್ಳುತ್ತೆ. ಉಪನದಿಗಳು ಬೇಸಿಗೇಲಿ ಮರಳಾಗಿರ್ತವೆ, ಅಲ್ಲಿ ಆನೆ ಸೊಂಡಿಲಿಂದ ತೋಡಿದ ಗುಂಡಿ ಸಿಕ್ಕಿದ್ರೆ ಅದೇ ಬಾವಿ, ಇಲ್ಲಾಂದ್ರೆ ತಾವೇ ತೋಡ್ತಾರೆ, ಸೋಸಿ ಕುದಿಸಿ ಕುಡೀತಾರೆ. ಅಕ್ಟೋಬರ್ ಬಂದ್ರೆ ಬಿಸಿಲು 40 ಡಿಗ್ರಿ ದಾಟುತ್ತೆ, ನವೆಂಬರಿಂದ ಮಳೆ, ಮಳೆ ಬಂದ್ರೆ ಆ ಎರೆಮಣ್ಣಲ್ಲಿ ಒಂದು ಹೆಜ್ಜೇನೂ ಇಡೋಕಾಗಲ್ಲ. ಅದಕ್ಕೇ ಉದ್ದ ನಡಿಗೆಗಳೆಲ್ಲ ಜೂನಿಂದ ಸೆಪ್ಟೆಂಬರ್ ಒಳಗೆ ಇಟ್ಕೊಳ್ಳೋದು ಒಳ್ಳೇದು.

ಪ್ರಶ್ನೆ: ನಮ್ಮ ಸವಣೂರಿನ ದೊಡ್ಡಹುಣಸೆ ಮರಗಳು ಆಫ್ರಿಕಾದ್ದು ಅಂತಾರಲ್ಲ, ಅವು ಈ ದಾರೀಲಿ ಸಿಗ್ತವಾ?
— ಹಾವೇರಿ ಜಿಲ್ಲೆಯಿಂದ ನಿವೃತ್ತ ಮೇಷ್ಟ್ರು

ಉತ್ತರ: ಸಿಗ್ತವೆ ಮೇಷ್ಟ್ರೇ. ಸವಣೂರಿನ ದೊಡ್ಡಹುಣಸೆ ಕಲ್ಮಠದ ಆ ಮೂರು ಮರ ಬಾವೋಬಾಬ್, ಅದರ ತವರು ಆಫ್ರಿಕಾನೇ, ಲುವಾಂಗ್ವಾ ಕಣಿವೇಲಿ ಬೇಕಾದಷ್ಟಿದೆ. ಒಂದೇ ವ್ಯತ್ಯಾಸ, ಅಲ್ಲಿನ ಮರಗಳ ತೊಗಟೆಯನ್ನ ಆನೆಗಳು ಬೇಸಿಗೇಲಿ ದಂತದಿಂದ ಸೀಳಿ ತಿಂದಿರ್ತವೆ, ಕೆಳಗಡೆ ಎಲ್ಲಾ ಗಾಯ, ಆದ್ರೂ ಮರ ತೊಗಟೆ ಮತ್ತೆ ಬೆಳೆಸ್ಕೊಂಡು ಬದುಕುತ್ತೆ. ಕಾಯಿ ಒಡೆದ್ರೆ ಒಳಗೆ ಬಿಳೀ ಹುಳಿ ತಿರುಳು, ಅಲ್ಲಿನ ಮಕ್ಕಳು ಚೀಪ್ತಾರೆ, ನಡೆಯೋರಿಗೂ ಬಾಯಾರಿಕೆಗೆ ಒಳ್ಳೇದು.

ಪ್ರಶ್ನೆ: ನಾನೂ ಒಂದಿಷ್ಟು ಡೊನೇಟ್ ಮಾಡೋಣ ಅಂತಿದ್ದೀನಿ. ಆದ್ರೆ ಚಾರಿಟಿ ಅಂದ್ರೇನೇ ಡೌಟು. ಆ ದುಡ್ಡು ಕೊನೆಗೆ ಯಾರ ಕೈಗೆ ಹೋಗುತ್ತೆ? ನಡೆಯೋರ ಫ್ಲೈಟ್ ಟಿಕೆಟ್ಟಿಗೇ ಖರ್ಚಾಗಲ್ಲ ಅಂತ ಏನ್ ಗ್ಯಾರಂಟಿ?
— ಬೆಂಗಳೂರಿನಿಂದ ಸಾಫ್ಟ್‌ವೇರ್ ಉದ್ಯೋಗಿ

ಉತ್ತರ: ಈ ತಿಂಗಳ ಪತ್ರಗಳಲ್ಲಿ ನಂಗೆ ಬಹಳ ಮುಖ್ಯ ಅನ್ಸಿದ್ದು ಇದು, ಅದಕ್ಕೇ ಸ್ವಲ್ಪ ಉದ್ದ ಬರೀತೀನಿ.

ಮೊದಲು ದುಡ್ಡು ಯಾಕೆ ಬೇಕು ಅಂತ ನೋಡಿ. ಲುವಾಂಗ್ವಾದಂಥ ಕಡೆ ಪ್ರಾಣಿಗಳಿಗೆ ದಿನನಿತ್ಯದ ಅಪಾಯ ಅಂದ್ರೆ ತಂತಿ ಉರುಲು. ದಂತಕ್ಕೆ ಬಂದೂಕು ಹಿಡಿದು ಬರೋರು ಬೇರೆ, ಇದು ಮಾಂಸಕ್ಕೆ. ಒಂದು ತುಂಡು ತಂತಿ, ಒಂದು ಗಂಟು, ಪ್ರಾಣಿ ಓಡಾಡೋ ಜಾಡಲ್ಲಿ ಮರಕ್ಕೆ ಕಟ್ಟಿದ್ರೆ ಆಯ್ತು. ಜಿಂಕೆಗೆ ಅಂತ ಇಟ್ಟಿದ್ದಕ್ಕೆ ಕಾಡುನಾಯಿ ಸಿಗುತ್ತೆ, ಸಿಂಹದ ಕುತ್ತಿಗೆ ಸಿಗುತ್ತೆ, ಆನೆಮರಿಯ ಸೊಂಡಿಲು ತುಂಡಾಗುತ್ತೆ. ಅದನ್ನ ಹುಡುಕಿ ತೆಗೆಯೋದಕ್ಕೆ ಯಾವ ಮೆಷಿನ್ನೂ ಸಾಲಲ್ಲ, ಮನುಷ್ಯರು ಹುಲ್ಲಲ್ಲಿ ಕಣ್ಣಿಟ್ಕೊಂಡು ನಡೀಲೇಬೇಕು. ಅವರೇ ಸ್ಕೌಟ್‌ಗಳು. ಅವರಿಗೆ ಬೂಟು ಬೇಕು, ರೇಷನ್ ಬೇಕು, ಟೆಂಟು, ರೇಡಿಯೋ, ಹಾವು ಕಚ್ಚಿದ್ರೆ ಕರ್ಕೊಂಡು ಹೋಗೋಕೆ ಗಾಡಿ ಬೇಕು. ಕನ್ಸರ್ವೇಶನ್ ಸೌತ್ ಲುವಾಂಗ್ವಾ ಅನ್ನೋ ಸಂಸ್ಥೆ ಇಲಾಖೆ ಜೊತೆ ಸೇರಿ ಇಂಥದ್ದನ್ನೇ ನೋಡ್ಕೊಳ್ಳುತ್ತೆ. ಉರುಲಿಗೆ ಸಿಕ್ಕ ಪ್ರಾಣಿಗೆ ಅರಿವಳಿಕೆ ಕೊಟ್ಟು ತಂತಿ ಬಿಡಿಸೋ ವೆಟ್, ವಾಸನೆ ಹಿಡಿದು ದಂತ, ಮಾಂಸ ಪತ್ತೆ ಮಾಡೋ ನಾಯಿಗಳ ತಂಡ, ಇದೆಲ್ಲ ಅವರ ಕೆಲಸ. ಬೆಳೆಗೆ ಬರೋ ಆನೆ ಓಡಿಸೋಕೆ ರೈತರಿಗೆ ಮೆಣಸಿನಕಾಯಿ ಹೊಗೆ ಹಾಕೋದನ್ನೂ ಕಲಿಸ್ತಾರೆ, ಆನೆಲದ್ದಿಗೆ ಮೆಣಸಿನಪುಡಿ ಕಲಸಿ ಇಟ್ಟಿಗೆ ಥರ ಒಣಗಿಸಿ ಹೊಲದ ಅಂಚಲ್ಲಿ ಹೊತ್ತಿಸೋದು. ರಾತ್ರಿಯಿಡೀ ಹೊಲ ಕಾಯೋ ರೈತನಿಗೆ ಏನೂ ಕೊಡದೆ ಆನೆ ಉಳಿಸಿ ಅಂತ ಹೇಳೋಕೆ ಯಾರಿಗೂ ಬಾಯಿ ಬರಬಾರದು, ಇದು ನನ್ನ ಗಟ್ಟಿ ಅಭಿಪ್ರಾಯ.

ಕಾವಲು ಸಡಿಲ ಆದ್ರೆ ಏನಾಗುತ್ತೆ ಅನ್ನೋದಕ್ಕೆ ಅದೇ ಕಣಿವೆ ಸಾಕ್ಷಿ. ಒಂದು ಕಾಲದಲ್ಲಿ ಅಲ್ಲಿ ಕಪ್ಪು ಘೇಂಡಾಮೃಗ ಸಾವಿರಾರು ಇತ್ತು. ಕಳ್ಳಬೇಟೆಗೆ ಪೂರ್ತಿ ಹೋಯ್ತು, 1998ರಲ್ಲಿ ಜಾಂಬಿಯಾದಲ್ಲಿ ಕಪ್ಪು ಘೇಂಡಾಮೃಗವೇ ಇಲ್ಲ ಅಂತ ಘೋಷಣೆ ಆಯ್ತು. 2003ರಲ್ಲಿ ಫ್ರಾಂಕ್‌ಫರ್ಟ್ ಜುವಾಲಾಜಿಕಲ್ ಸೊಸೈಟಿ ಮತ್ತೆ ಸರ್ಕಾರ ಸೇರಿ ನಾರ್ತ್ ಲುವಾಂಗ್ವಾಕ್ಕೆ 5 ಘೇಂಡಾಮೃಗ ಹೊರಗಿಂದ ತಂದು ಬಿಟ್ರು, ಆಮೇಲೆ ಇನ್ನಷ್ಟು ತಂದ್ರು, ಈಗ ಮರಿ ಹಾಕಿ ಬೆಳೀತಿವೆ. 4,636 ಚದರ ಕಿಲೋಮೀಟರಿನ ಆ ಪಾರ್ಕಲ್ಲಿ ರಸ್ತೆಗಳು ಬೆರಳೆಣಿಕೆಯಷ್ಟು, ಕಾಯೋದು ಅಂದ್ರೆ ಕಾಲ್ನಡಿಗೆನೇ.

ಈಗ ನಿಮ್ಮ ಅನುಮಾನಕ್ಕೆ ಬರೋಣ. ಕೊಡೋ ಮುಂಚೆ ನೇರವಾಗಿ ಕೇಳಿ, ನಡೆಯೋರ ಸ್ವಂತ ಖರ್ಚು ಅಂದ್ರೆ ಪ್ರಯಾಣ, ಊಟ, ಪಾರ್ಕ್ ಫೀ ಯಾರು ಹಾಕ್ತಿದ್ದಾರೆ ಅಂತ. ಮರ್ಯಾದೆಯ ನಡಿಗೆಗಳಲ್ಲಿ ಅದನ್ನ ಅವರೇ ಹಾಕ್ಕೋತಾರೆ ಅಥವಾ ಕಂಪನಿ ಹಾಕುತ್ತೆ, ಡೊನೇಷನ್ನು ಬೇರೆ ಖಾತೆಗೆ ಹೋಗುತ್ತೆ. ಆಮೇಲೆ ದುಡ್ಡು ತಗೊಳ್ಳೋ ಸಂಸ್ಥೆ ಹೋದ ವರ್ಷ ಏನು ಮಾಡಿದೆ ಅಂತ ವರದಿ ಕೇಳಿ, ಫೋಟೋ ಅಲ್ಲ, ಲೆಕ್ಕ. ‘ವನ್ಯಜೀವಿ ಉಳಿಸೋಕೆ’ ಅಂತ ಮಾತ್ರ ಬರೆದಿದ್ರೆ ಸಾಲದು, ಯಾವ ಸ್ಕೌಟ್‌ಗಳಿಗೆ, ಯಾವ ಶಾಲೆಗೆ, ಏನು ಸಾಮಾನು ಅಂತ ಇರಬೇಕು. ಕೀನ್ಯಾದ ರೈನೋ ಚಾರ್ಜ್ ನೋಡಿ, ಅದು ನಡಿಗೆಯಲ್ಲ, ರಸ್ತೆಯಿಲ್ಲದ ಕಡೆ ಗಾಡಿ ಓಡಿಸೋ ಸ್ಪರ್ಧೆ, 1989ರಲ್ಲಿ ಶುರುವಾಯ್ತು, ಅಬರ್ಡೇರ್ ಬೆಟ್ಟಸಾಲಿನ ಸುತ್ತ ಕರೆಂಟ್ ಬೇಲಿ ಹಾಕೋಕೆ ಅಂತ. 2009ರಲ್ಲಿ ಸುಮಾರು 400 ಕಿಲೋಮೀಟರ್ ಬೇಲಿ ಮುಗೀತು. ದುಡ್ಡು ಎಲ್ಲಿ ಹೋಯ್ತು ಅಂತ ಯಾರೂ ಕೇಳಬೇಕಾಗಿಲ್ಲ, ಹೋಗಿ ಮುಟ್ಟಿ ನೋಡಬಹುದು (ಕರೆಂಟ್ ಇರುತ್ತೆ, ಮುಟ್ಟಬೇಡಿ). ಒಂದು ಪ್ರಾಕ್ಟಿಕಲ್ ವಿಷಯ, ವಿದೇಶದ ಸಂಸ್ಥೆಗೆ ನೇರ ಕೊಟ್ರೆ ನಿಮಗೆ 80ಜಿ ತೆರಿಗೆ ವಿನಾಯಿತಿ ಸಿಗಲ್ಲ, ಅದನ್ನ ಲೆಕ್ಕದಲ್ಲಿ ಇಟ್ಕೊಂಡೇ ಕೊಡಿ.

ಪ್ರಶ್ನೆ: ಗೈಡ್‌ಗಳಿಗೆ ಇಷ್ಟು ಹೆಸರು ಬರುತ್ತೆ, ಆ ಸ್ಕೌಟ್, ರೇಂಜರ್‌ಗಳ ಗತಿ ಏನು? ಅವರನ್ನೂ ಜೊತೆ ನಡೆಸ್ತಾರಾ?
— ಎಚ್.ಡಿ.ಕೋಟೆಯಿಂದ, ಅಪ್ಪ ಫಾರೆಸ್ಟ್ ವಾಚರ್ ಆಗಿದ್ದವರ ಮಗಳು

ಉತ್ತರ: ನಿಮ್ಮ ಪತ್ರ ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ ತಂಗಿ. ಅಪ್ಪ ಮಳೇಲಿ ನೆನೆದ ಯೂನಿಫಾರ್ಮಲ್ಲೇ ಮತ್ತೆ ಬೀಟಿಗೆ ಹೋಗ್ತಿದ್ರು ಅಂತ ಬರ್ದಿದ್ದೀರಲ್ಲ, ಆಫ್ರಿಕಾದ ಸ್ಕೌಟ್ ಮನೇಲೂ ಅದೇ ಕಥೆ.

ಸ್ಕೌಟ್ ಇಲ್ಲದೆ ನಡಿಗೆಯೇ ಇಲ್ಲ. ದಾರಿ ಗೊತ್ತಿರೋದು ಅವರಿಗೆ, ಈ ಹೊಳೇಲಿ ಈಗ ನೀರಿದೆಯಾ, ಮೊನ್ನೆ ಕಾಡೆಮ್ಮೆ ಗುಂಪು ಯಾವ ಕಡೆ ದಾಟಿತು, ಎಲ್ಲ ಅವರ ತಲೇಲಿದೆ. 2020ರಲ್ಲಿ ಕೊರೋನಾ ಬಂದು ವಿಮಾನ ನಿಂತು ಕ್ಯಾಂಪ್‌ಗಳೆಲ್ಲ ಬಾಗಿಲು ಹಾಕಿದಾಗ ಮೊದಲು ಪೆಟ್ಟು ಬಿದ್ದದ್ದು ಇವರ ಸಂಬಳಕ್ಕೆ, ಯಾಕಂದ್ರೆ ಎಷ್ಟೋ ಕಡೆ ಕಾವಲಿನ ದುಡ್ಡು ಬರೋದೇ ಟೂರಿಸ್ಟ್‌ಗಳಿಂದ. ಆ ವರ್ಷ ಟಸ್ಕ್ ಅನ್ನೋ ಸಂಸ್ಥೆ ವೈಲ್ಡ್‌ಲೈಫ್ ರೇಂಜರ್ ಚಾಲೆಂಜ್ ಅಂತ ಶುರು ಮಾಡ್ತು, ಆಫ್ರಿಕಾದ ಬೇರೆ ಬೇರೆ ದೇಶದ ರೇಂಜರ್ ತಂಡಗಳು ತಾವು ಕಾಯೋ ಕಾಡಲ್ಲೇ 22 ಕೆಜಿ ಬ್ಯಾಗ್ ಹೊತ್ಕೊಂಡು 21 ಕಿಲೋಮೀಟರ್ ಓಡೋದು, ಪ್ರಪಂಚದ ಬೇರೆ ಕಡೆ ಜನ ಅವರ ಜೊತೆ ತಮ್ಮ ಊರಲ್ಲೇ ಓಡಿ ದುಡ್ಡು ಕೊಡೋದು, ಆ ದುಡ್ಡು ರೇಂಜರ್‌ಗಳ ಸಂಬಳ, ಸಾಮಾನಿಗೆ. ನಂಗೆ ಈ ಮಾದರಿ ತುಂಬಾ ಇಷ್ಟ, ಯಾಕಂದ್ರೆ ಇಲ್ಲಿ ಕಾಯೋನೇ ಮುಂದೆ ನಿಂತಿದ್ದಾನೆ, ಅವನ ಹೆಸರಲ್ಲಿ ಇನ್ಯಾರೋ ಅಲ್ಲ.

ಅಪಾಯ ಪ್ರಾಣಿಗಳಿಂದ ಮಾತ್ರ ಅಂದ್ಕೋಬೇಡಿ. ಕಾಂಗೋದ ವಿರುಂಗಾ ಪಾರ್ಕಲ್ಲಿ ಇದುವರೆಗೆ 200ಕ್ಕೂ ಹೆಚ್ಚು ರೇಂಜರ್‌ಗಳು ಕೆಲಸದ ಮೇಲೆ ಸತ್ತಿದ್ದಾರೆ, ಹೆಚ್ಚಿನವರು ಬಂದೂಕುಧಾರಿಗಳ ಕೈಲಿ. ದಕ್ಷಿಣ ಆಫ್ರಿಕಾದ ಟಿಂಬಾವಾಟಿ ರಿಸರ್ವಿನ ಹೆಡ್ ರೇಂಜರ್ ಆಂಟನ್ ಮ್ಜಿಂಬಾ ಅವರನ್ನ 2022ರ ಜುಲೈನಲ್ಲಿ ಅವರ ಮನೆ ಮುಂದೆಯೇ ಗುಂಡಿಟ್ಟು ಕೊಂದ್ರು. ಹಾಗಾಗಿ ಗೈಡ್‌ಗಳ ನಡಿಗೆಯಿಂದ ಬರೋ ದುಡ್ಡಲ್ಲಿ ಸತ್ತ ಸ್ಕೌಟ್‌ಗಳ ಹೆಂಡತಿ ಮಕ್ಕಳಿಗೆ ಒಂದು ಪಾಲು ಇದ್ಯಾ ಅಂತ ನಾನಂತೂ ಕೇಳೇ ಕೇಳ್ತೀನಿ, ನೀವೂ ಕೇಳಿ. ಜುಲೈ 31 ವಿಶ್ವ ರೇಂಜರ್ ದಿನ. ಅವತ್ತು ನಿಮ್ಮ ಅಪ್ಪನ ಬಗ್ಗೆ ಒಂದು ಪುಟ ಬರೆದು ಕಳಿಸಿ, ಈ ಅಂಕಣದಲ್ಲಿ ಹಾಕ್ತೀನಿ.

ಪ್ರಶ್ನೆ: ಹೆಣ್ಮಕ್ಕಳು ಇದ್ದಾರಾ ಈ ಕೆಲಸದಲ್ಲಿ?
— ಉಡುಪಿಯಿಂದ ಇಬ್ಬರು ಕಾಲೇಜು ಗೆಳತಿಯರು

ಉತ್ತರ: ಇದ್ದಾರೆ. ಬೋಟ್ಸ್ವಾನಾದ ಚೋಬೆ ನದಿ ಹತ್ರ ಒಂದು ಲಾಡ್ಜಿನ ಗೈಡ್‌ಗಳೆಲ್ಲ ಹೆಂಗಸರೇ. ಜಿಂಬಾಬ್ವೆಯಲ್ಲಿ 2017ರಿಂದ ಅಕಾಶಿಂಗಾ ಅನ್ನೋ ಹೆಣ್ಣು ರೇಂಜರ್‌ಗಳ ಪಡೆ ಇದೆ, ದಕ್ಷಿಣ ಆಫ್ರಿಕಾದಲ್ಲಿ ಬ್ಲ್ಯಾಕ್ ಮಾಂಬಾಸ್ ತಂಡ 2013ರಿಂದ, ಅವರು ಬಂದೂಕೇ ಇಲ್ಲದೆ ಬೇಲಿ ಉದ್ದಕ್ಕೂ ನಡೆದು ಉರುಲು ತೆಗೀತಾರೆ.

ಪ್ರಶ್ನೆ: ಬರೀ ನಡೆದ್ರೆ ಏನಾದ್ರೂ ಬದಲಾಗುತ್ತಾ ಸರ್? ಉದಾಹರಣೆ ಕೊಡಿ.
— ದಾವಣಗೆರೆಯಿಂದ ಓದುಗರು

ಉತ್ತರ: ಎರಡು ಕೊಡ್ತೀನಿ. ಮೈಕ್ ಫೇ ಅನ್ನೋ ಅಮೆರಿಕದ ಜೀವವಿಜ್ಞಾನಿ 1999ರ ಸೆಪ್ಟೆಂಬರಲ್ಲಿ ಕಾಂಗೋದ ಕಾಡಿಂದ ಹೊರಟು, ಜೊತೆಗೆ ಅಲ್ಲಿನ ಕಾಡುಜನರ ತಂಡ ಕಟ್ಕೊಂಡು, ಒಂದು ವರ್ಷದ ಮೇಲೆ ಮೂರು ತಿಂಗಳು ನಡೆದು 2000ದ ಡಿಸೆಂಬರಲ್ಲಿ ಗಬಾನ್ ದೇಶದ ಸಮುದ್ರ ತೀರ ಮುಟ್ಟಿದ್ರು, ಸುಮಾರು 3,200 ಕಿಲೋಮೀಟರ್. ದಾರಿಯುದ್ದಕ್ಕೂ ಕಂಡ ಪ್ರತಿ ಆನೆ ಲದ್ದಿ, ಪ್ರತಿ ಗೊರಿಲ್ಲಾ ಗೂಡು ನೋಟ್‌ಬುಕ್ಕಲ್ಲಿ ಬರ್ಕೊಂಡ್ರು. ಅದು ದುಡ್ಡೆತ್ತೋ ನಡಿಗೆ ಅಲ್ಲ, ಲೆಕ್ಕ ತೆಗೆಯೋ ನಡಿಗೆ. ಆ ಲೆಕ್ಕ, ಫೋಟೋ ಎಲ್ಲ ಗಬಾನ್ ಅಧ್ಯಕ್ಷ ಒಮರ್ ಬಾಂಗೋ ಮುಂದೆ ಬಂತು, 2002ರಲ್ಲಿ ಅವರು ಒಂದೇ ಸಲಕ್ಕೆ 13 ರಾಷ್ಟ್ರೀಯ ಉದ್ಯಾನ ಘೋಷಿಸಿದ್ರು, ದೇಶದ ಹತ್ತನೇ ಒಂದು ಭಾಗಕ್ಕೂ ಜಾಸ್ತಿ. ನೋಟ್‌ಬುಕ್ ಹಿಡಿದು ನಡೆದವರಿಂದ ಆದದ್ದು ಇದು, ಹಾಗಾಗಿ ಇವತ್ತು ಚಾರಿಟಿಗೆ ನಡೆಯೋ ಗೈಡ್‌ಗಳೂ ಕಂಡ ಉರುಲು, ಕಂಡ ಪ್ರಾಣಿ, ಒಣಗಿದ ಹೊಂಡ ಎಲ್ಲ ಜಿಪಿಎಸ್ ಸಮೇತ ಬರೆದು ಪಾರ್ಕಿಗೆ ಕೊಟ್ರೆ ನಡಿಗೆಗೆ ಎರಡು ಪಟ್ಟು ಬೆಲೆ.

ಇನ್ನೊಂದು, ಕೀನ್ಯಾದ ಜಿಮ್ ನ್ಯಾಮು. ಇವರು 2013ರಲ್ಲಿ ಮೊಂಬಾಸಾದಿಂದ ನೈರೋಬಿವರೆಗೆ ದಂತ ವ್ಯಾಪಾರದ ವಿರುದ್ಧ ನಡೆದ್ರು, ಆಮೇಲೂ ಬಿಡದೆ ನಡೀತಾನೇ ಬಂದ್ರು. ದಾರೀಲಿ ಸಿಗೋ ಶಾಲೆ, ಸಂತೆ, ಹಳ್ಳಿ ಎಲ್ಲೆಲ್ಲಿ ಜನ ಇದ್ದಾರೋ ಅಲ್ಲಿ ನಿಂತು ಆನೆ ಬಗ್ಗೆ ಮಾತಾಡ್ತಾರೆ. ವಿದೇಶಿಯರು ನಡೆದ್ರೆ ಪೇಪರಲ್ಲಿ ಬರುತ್ತೆ, ಆ ನೆಲದ ಮನುಷ್ಯನೇ ನಡೆದ್ರೆ ಆ ನೆಲದ ಜನ ಕೇಳಿಸ್ಕೋತಾರೆ. ಆ ವ್ಯತ್ಯಾಸ ದೊಡ್ಡದು.

ಪ್ರಶ್ನೆ: ನಾಗರಹೊಳೆ, ಬಂಡೀಪುರದಲ್ಲಿ ನಮ್ಮ ಗೈಡ್‌ಗಳೂ ಹೀಗೆ ಮಾಡಬಾರದಾ? ನಾವೂ ಸೇರ್ಕೋತೀವಿ.
— ಮಂಡ್ಯದ ಟ್ರೆಕ್ಕಿಂಗ್ ಗೆಳೆಯರು

ಉತ್ತರ: ಕಾನೂನು ಬಿಡಲ್ಲ, ಬಿಡಬಾರದು ಅಂತಾನೇ ನನ್ನ ಅಭಿಪ್ರಾಯ. ಅವೆರಡೂ ಹುಲಿ ಮೀಸಲು ಪ್ರದೇಶ, 1972ರ ವನ್ಯಜೀವಿ ಕಾಯ್ದೆ ಪ್ರಕಾರ ಒಳಗೆ ಕಾಲಿಡೋಕೇ ಅನುಮತಿ ಬೇಕು. ಕಾಡಿನ ಸ್ವಭಾವವೂ ಬೇರೆ. ಲುವಾಂಗ್ವಾದಲ್ಲಿ ಬೇಸಿಗೇಲಿ ಹುಲ್ಲು ಒಣಗಿ ದೂರದವರೆಗೆ ಕಣ್ಣು ಹಾಯುತ್ತೆ, ನಮ್ಮಲ್ಲಿ ಲಂಟಾನ ಪೊದೆ ಹಿಂದೆ ಆನೆ ಇದ್ರೂ ಹತ್ತು ಮಾರು ದೂರಕ್ಕೆ ಹೋಗೋವರೆಗೂ ಕಾಣಲ್ಲ. ಮೇಲಾಗಿ ಪಕ್ಕದಲ್ಲೇ ಊರು, ಹೊಲ, ಆನೆಗೆ ಈಗಾಗಲೇ ಮನುಷ್ಯರ ಕಾಟ ಸಾಕಾಗಿದೆ.

ಆದ್ರೆ ಮಾದರಿ ನಮ್ಮ ಪಕ್ಕದಲ್ಲೇ ಇದೆ. ಕೇರಳದ ಪೆರಿಯಾರಲ್ಲಿ ಹಿಂದೆ ಕಾಡು ದಾಲ್ಚಿನ್ನಿ ತೊಗಟೆ ಕದೀತಿದ್ದವರು, ಬೇಟೆ ಆಡ್ತಿದ್ದವರು ಸೇರ್ಕೊಂಡು ಸಮಿತಿ ಮಾಡಿ, ಇಲಾಖೆ ಜೊತೆ ಟೂರಿಸ್ಟ್‌ಗಳನ್ನ ನಡೆಸ್ಕೊಂಡು ಹೋಗ್ತಾರೆ, ಕಾಡನ್ನೂ ಕಾಯ್ತಾರೆ. ನಿಮಗೆ ನಡೆದೇ ದುಡ್ಡೆತ್ತಬೇಕು ಅಂದ್ರೆ ಕಾಡೊಳಗೆ ಬೇಡ, ಮಂಡ್ಯದಿಂದ ಮೈಸೂರಿಗೆ ರಸ್ತೆ ಬದೀಲಿ ನಡೀರಿ, ಆ ದುಡ್ಡಲ್ಲಿ ದಿನಗೂಲಿ, ಹೊರಗುತ್ತಿಗೆ ಮೇಲಿರೋ ನಮ್ಮ ವಾಚರ್‌ಗಳಿಗೆ ರೇನ್‌ಕೋಟು, ಟಾರ್ಚು, ಒಳ್ಳೆ ಶೂ ಕೊಡ್ಸಿ. ಕ್ಯಾಂಪಿಗೆ ಏನು ಬೇಕು ಅಂತ ಮೊದಲು ಆರ್‌ಎಫ್‌ಓ (ವಲಯ ಅರಣ್ಯಾಧಿಕಾರಿ) ಹತ್ರ ಕೇಳ್ಕೊಂಡು ಕೊಡಿ, ನಿಮಗೆ ತೋಚಿದ್ದು ತಂದು ಸುರೀಬೇಡಿ.

ಪ್ರಶ್ನೆ: ನಮ್ಮ ಹುಡುಗ ಡಿಗ್ರಿ ಬಿಟ್ಟು ಆಫ್ರಿಕಾಗೆ ಹೋಗಿ ಸಫಾರಿ ಗೈಡ್ ಆಗ್ತೀನಿ ಅಂತಿದ್ದಾನೆ. ಏನ್ ಹೇಳೋದು?
— ತುಮಕೂರಿನಿಂದ ಒಬ್ಬ ತಂದೆ

ಉತ್ತರ: ಡಿಗ್ರಿ ಮುಗಿಸು ಅಂತ ಹೇಳಿ ಸರ್, ಆಸೆ ಮಾತ್ರ ಮುರೀಬೇಡಿ. ಅಲ್ಲಿ ಗೈಡ್ ಆಗೋದು ಡ್ರೈವಿಂಗ್ ಲೈಸೆನ್ಸ್ ತಗೊಂಡಷ್ಟು ಸುಲಭ ಅಲ್ಲ. ಜಿಂಬಾಬ್ವೆಯ ಲೈಸೆನ್ಸು ಆಫ್ರಿಕಾದಲ್ಲೇ ಕಷ್ಟದ್ದು ಅಂತ ಹೆಸರು, ಮೊದಲು ಲಿಖಿತ ಪರೀಕ್ಷೆ, ಆಮೇಲೆ ಹಿರಿಯ ಗೈಡ್ ಕೈಕೆಳಗೆ ವರ್ಷಗಟ್ಟಲೆ ಕೆಲಸ, ಶೂಟಿಂಗ್ ಪರೀಕ್ಷೆ, ಕೊನೇಗೆ ಕಾಡಲ್ಲೇ ಕ್ಯಾಂಪ್ ಹಾಕಿಸಿ ದಿನಗಟ್ಟಲೆ ಪರೀಕ್ಷೆ ಮಾಡ್ತಾರೆ, ಮರ ಹಕ್ಕಿ ಗುರುತಿಸೋದರಿಂದ ಹಿಡಿದು ಅಡುಗೆ, ಗಾಡಿ ರಿಪೇರಿವರೆಗೆ. ದಕ್ಷಿಣ ಆಫ್ರಿಕಾದಲ್ಲಿ ಎಫ್‌ಜಿಎಎಸ್‌ಎ ಅನ್ನೋ ಸಂಘ ಹಂತ ಹಂತವಾಗಿ ಸರ್ಟಿಫಿಕೇಟ್ ಕೊಡುತ್ತೆ, ಕಾಲ್ನಡಿಗೆ ಗೈಡ್ ಆಗಬೇಕಾದ್ರೆ ಇಷ್ಟು ಗಂಟೆ ನಡೆದಿದ್ದೀನಿ, ಅಪಾಯದ ಪ್ರಾಣಿಗಳನ್ನ ಇಷ್ಟು ಸಲ ಎದುರಿಸಿದ್ದೀನಿ ಅಂತ ಲಾಗ್‌ಬುಕ್ ತೋರಿಸಬೇಕು. ಕೀನ್ಯಾದಲ್ಲಿ ಕಂಚು, ಬೆಳ್ಳಿ, ಚಿನ್ನ ಅಂತ ಮೂರು ದರ್ಜೆ, ಚಿನ್ನ ಮುಟ್ಟೋರು ಬಹಳ ಕಮ್ಮಿ. ವಿದೇಶಿಯರು ಕೋರ್ಸ್ ಮಾಡಬಹುದು, ಆದ್ರೆ ಕೆಲಸದ ಪರ್ಮಿಟ್ ಸಿಗೋದು ಕಷ್ಟ, ಆ ಕೆಲಸ ಮೊದಲು ಆ ಊರಿನ ಹುಡುಗರಿಗೆ ಸಿಗಬೇಕು ಅನ್ನೋದು ನ್ಯಾಯವಾಗಿಯೂ ಇದೆ. ಮೊದಲು ನಮ್ಮಲ್ಲೇ ನ್ಯಾಚುರಲಿಸ್ಟ್ ಆಗಿ ಒಂದೆರಡು ವರ್ಷ ಕೆಲಸ ಮಾಡಲಿ, ಬೆಳಿಗ್ಗೆ ಐದಕ್ಕೆ ದಿನಾ ಎದ್ದು ಅದೇ ರಸ್ತೇಲಿ ಅದೇ ಉತ್ಸಾಹದಲ್ಲಿ ಹೋಗೋಕಾಗುತ್ತಾ ನೋಡ್ಕೊಳ್ಳಲಿ. ಸಾಧ್ಯ ಆದ್ರೆ ನಂಗೆ ಪತ್ರ ಬರೆಯೋಕೆ ಹೇಳಿ, ಕೋರ್ಸುಗಳ ವಿವರ ಕಳಿಸ್ತೀನಿ.